ಅಪ್ಪನ ನಡುಕ ನಿಂತಾಗ

ಮುತ್ತೂ,

ಫೋನ್ ಯಾಕ ಬಂದ್ ಇಟ್ಟೀಯೋ? ಮುಂಡರಗಿಯಿಂದ ಬಂದ ಕೂಡಲೇ ಇದನ್ನ ಓದು. ಅಪ್ಪನ್ನ ಸರಕಾರಿ ದವಾಖಾನಿಗೆ ಸೇರಿಸೇವಿ. ನಾ ಆಧಾರ್ ಕಾರ್ಡ್ ಒಯ್ಯಾಕ ಮನಿಗೆ ಬಂದಿದ್ದೆ, ಮತ್ತ ಹೊಂಟೆ.

ಇವತ್ತ ನಸುಕಿನ್ಯಾಗ ತಣ್ಣೀರು ಜಳಕ ಮಾಡಿ, ಹಸಿ ತಲೀಲೆ ಮಗ್ಗದ ಕುಣಿಯೊಳಗ ಕಾಲಿಟ್ಟು ನೇಯಾಕ ಕುಂತಿದ್ರು. "ಥಂಡಿ ಭಾಳ ಐತಿ, ಏಳ್ರಿ ಅಪ್ಪಾ" ಅಂದೆ. "ನನಗ ಹೇಳಾಕ ಬರಬ್ಯಾಡ" ಅಂತ ಬೈದ್ರು. ಗಡಗಡ ನಡುಗತಿದ್ರು, ಕಂಬಳಿ ಹೊಚ್ಚಿದೆ. ಸ್ವಲ್ಪ ಹೊತ್ತಿಗೆ ನಡುಗೂದು ನಿಂತಿತು. ಬೆಚ್ಚಗಾದ್ರು ಅಂತ ಸಮಾಧಾನಾಗಿ ನಾ ರೊಟ್ಟಿ ಬಡಿಯಾಕ ಹೋದೆ. ಬಂದು ನೋಡಿದ್ರ ಲಾಳಿ ಕೈಯಾಗ ಐತಿ, ಮಾತು ತೊದಲಾಕ ಹತ್ತ್ಯಾವ, ನನ್ನ ಗುರುತ ಸಿಗವಲ್ದು.

"ವಯಸ್ಸಾದವ್ರಿಗೆ ನಡುಕ ನಿಂತ್ರ ಅದ ದೊಡ್ಡ ಅಪಾಯರಿ, ಮೈಯಾಗ ಕಾವು ಉಳಿದಿರಂಗಿಲ್ಲ" ಅಂದ್ರು ಡಾಕ್ಟರ್. ನನಗ ಗೊತ್ತಿರಲಿಲ್ಲೋ ಮುತ್ತೂ. ಖರೇನ ಗೊತ್ತಿರಲಿಲ್ಲ.

ಅವ್ವ ಬಾಜೂ ಮನಿ ಶಾಂತಕ್ಕನ ಕಡೆ ಅದಾಳ. ಕರ್ಕೊಂಡು ಬಂದು ತಲಿಗೆ ಕುಲಾಯಿ, ಕಾಲಿಗೆ ಕಾಲಚೀಲ ಹಾಕು. ಸಾರು ಬಿಸಿ ಮಾಡಿ ಕೊಡು. ತಣ್ಣೀರು ಮುಟ್ಟಾಕ ಬಿಡಬ್ಯಾಡ. ಕೆಂಡ ಒಳಗಿಟ್ಟು ಬಾಗಲಾ ಮುಚ್ಚಬ್ಯಾಡ, ಉಸಿರುಗಟ್ಟತೈತಿ. ಅಪ್ಪನ್ನ ತಪಾಸಣಿಗೆ ಒಯ್ದೇವಿ ಅಂತಷ್ಟ ಆಕಿಗೆ ಹೇಳೇನಿ, ನೀನೂ ಹಂಗ ಹೇಳು.

ಆಮ್ಯಾಲೆ ಶಾಂತಕ್ಕನ್ನ ಅವ್ವನ ಕಡೆ ಬಿಟ್ಟು ಜಲ್ದಿ ದವಾಖಾನಿಗೆ ಬಾ. "ಮಗನ್ನ ಕರಸ್ರಿ" ಅಂತ ಡಾಕ್ಟರ್ ಎರಡು ಸಲ ಅಂದಾರ. ಯಾಕ ಅಂತ ಕೇಳೂ ಧೈರ್ಯ ನನಗಾಗಲಿಲ್ಲ.

ವಿದ್ಯಕ್ಕ