ಸೀತಾಫಲ ಎಂದರೆ ನಿಲ್ಲುವುದು

ನೆಲದಡಿ ಕೋಲಾರ
ಮೈಗಾವಲು ಬಂದ ಇನ್ನೂರ ಆರನೆಯ ವರ್ಷ, ಹದಿನಾಲ್ಕನೆಯ ತಿಂಗಳ ನಲವತ್ತೊಂದನೆಯ ದಿನ

ಸೀಸದ ಕಡ್ಡಿಯಲ್ಲಿ ಬರೆದವರೇ,

ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಮ್ಮ ತಾರೀಖು ನೋಡಿ ನಗಬೇಡಿ. ಬಿಸಿಲಿಗೆ ಹೆದರಿ ಹಳೆಯ ಚಿನ್ನದ ಗಣಿಗಳಿಗೆ ಇಳಿದ ನಮ್ಮ ಹಿರಿಯರು ಸೂರ್ಯನ ಲೆಕ್ಕವನ್ನೂ ಮೇಲೆಯೇ ಬಿಟ್ಟು ಬಂದರು. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ಹಳೆಗಾಲದ ಕನ್ನಡವನ್ನು ನಾನು ಕಲಿತದ್ದೇ ನಿಮ್ಮ ಕೈಬರಹದಿಂದ. ನಾನು ಕೆಂಚಾಂಬೆ. ಗಣಿಯ ಬಾಯಿಯಿಂದ ಕೆಳಗಿನ ಬೀದಿಗಳಿಗೆ ಜನರನ್ನು ಇಳಿಸುವ ಹಗ್ಗ ಹೊಸೆಯುವುದು ನನ್ನ ಕಸುಬು.

ಮೈಗಾವಲು ಎಂದರೇನೆಂದು ಮೊದಲು ಹೇಳಬೇಕು. ಇಲ್ಲಿ ಹುಟ್ಟಿದ ಪ್ರತಿ ಮಗುವಿನ ಕತ್ತಿನ ಹಿಂದೆ, ಚರ್ಮದೊಳಗೆ, ಸಾಸಿವೆಯಷ್ಟು ಸಣ್ಣ ಕಾಳೊಂದನ್ನು ಇಡುತ್ತಾರೆ. ಯಾರಾದರೂ ಗಟ್ಟಿಯಾಗಿ ಹಿಡಿದರೆ, ಎದೆ ಜೋರಾಗಿ ಹೊಡೆದುಕೊಂಡರೆ ಅದು ಕೂಗುತ್ತದೆ. ಎದುರಿಗಿರುವವರು ಕೂಡಲೇ ದೂರ ಸರಿಯಬೇಕು, ಇಲ್ಲದಿದ್ದರೆ ಅವರ ಕೈಕಾಲಿಗೆ ಜೋಮು ಹಿಡಿಯುತ್ತದೆ. ಇದನ್ನು ನಾನು ಹಗುರವಾಗಿ ಆಡಿಕೊಳ್ಳುತ್ತಿಲ್ಲ. ಇದು ಬಂದ ಮೇಲೆಯೇ ನಮ್ಮ ಮನೆಗಳಲ್ಲಿ ಹೊಡೆತ ಬಡಿತ ನಿಂತದ್ದು. ಆದರೆ ಖುಷಿಗೂ ಎದೆ ಹೊಡೆದುಕೊಳ್ಳುತ್ತದೆಂದು ಆ ಕಾಳಿಗೆ ಯಾರೂ ಹೇಳಿಕೊಟ್ಟಿಲ್ಲ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಗಂಡು ಹೆಣ್ಣಿನ ಕಾವಲುಗಳೆರಡೂ ಕಿರುಚುವುದರಿಂದ ಪುರೋಹಿತರು ಕಿವಿಗೆ ಹತ್ತಿ ಇಟ್ಟುಕೊಂಡೇ ಮಂತ್ರ ಹೇಳುತ್ತಾರೆ. ಹೀಗಾಗಿ ನಾವು ಯಾರನ್ನೂ 'ನಿನಗೆ ಇಷ್ಟವೇ' ಎಂದು ಕೇಳುವುದಿಲ್ಲ, ಯಾರೂ ನಮಗೆ 'ಸಾಕು' ಎನ್ನುವುದಿಲ್ಲ. ಕಾಳೇ ಎಲ್ಲವನ್ನೂ ಹೇಳಿಬಿಡುತ್ತದೆ.

ಬೀದಿದೀಪಗಳನ್ನು ನೋಡಿಕೊಳ್ಳುವ ಬಯಲಪ್ಪ ನನ್ನ ಜೊತೆಗಾರ. ಸುರಂಗದಲ್ಲಿ ಹುಟ್ಟಿದವನಿಗೆ ಬಯಲಪ್ಪ ಎಂದು ಹೆಸರಿಟ್ಟ ಅವನ ತಾಯಿಯ ಆಸೆ ನೋಡಿ! ಇಬ್ಬರಿಗೂ ನಲವತ್ತು ದಾಟಿದೆ. ಒಂದು ದಿನ ಅವನು ನಾನು ಹೊಸೆದ ಹಗ್ಗವನ್ನು ಸವರುತ್ತಾ, ನೆಲ ನೋಡುತ್ತಾ ಹೇಳಿದ: "ದಿನಾ ಊರ್‌ನೆಲ್ಲ ಕಾಯ್ತೀನಿ ಕೆಂಚಾ. ನೀನು ಕಟ್ಟಾಕಿದ್ರೆ ಒಂದ್ ಗಳಿಗೆ ಈ ಮನ್ಸು ಸುಮ್ಕಿರ್ತದೆ ಅನ್ಸ್ತದೆ." ನನಗೂ ಅದೇ ಆಸೆಯಿತ್ತು, ಹೇಳಲು ಬಾಯಿ ಬಂದಿರಲಿಲ್ಲ. ಇಬ್ಬರ ಕಾವಲುಗಳೂ ಬೀದಿ ಕೇಳುವಂತೆ ಕೂಗಿದವು. ಒಂದೇ ಒಂದು ಸಂಜೆ ಅವುಗಳನ್ನು ಸುಮ್ಮನಾಗಿಸಿ ಎಂದು ನಾವು ಹಿರಿಯರ ಕಟ್ಟೆಗೆ ಮೊರೆಹೋದೆವು. ಕಟ್ಟೆ ಒಮ್ಮೆ ಇಲ್ಲವೆಂದರೆ ಮತ್ತೆ ಕೇಳುವಂತಿಲ್ಲ.

ಕಟ್ಟೆಯ ಹಿರಿಯಳು ಅಂಕಾಳಮ್ಮ ಕಾವಲಿಲ್ಲದ ಕಾಲ ಹೇಗಿತ್ತು ನೋಡಿ ಎನ್ನುತ್ತಾ ಉಗ್ರಾಣದಿಂದ ನಿಮ್ಮ ಪುಸ್ತಕ ತರಿಸಿದಳು. ಹೌದು, ನಿಮ್ಮದೇ. ಜಪಾನಿನ ಆ ಮಾಂಗಾ, ಅಂದರೆ ಚಿತ್ರಗಳಲ್ಲಿ ಹೇಳಿದ ಕಥೆ. ತಗಡಿನ ಡಬ್ಬಿಯೊಳಗೆ ಉಳಿದುಕೊಂಡಿತ್ತು. ಮಾತಿನ ಗುಳ್ಳೆಗಳ ಪಕ್ಕದಲ್ಲೆಲ್ಲ ನೀವು ಸೀಸದ ಕಡ್ಡಿಯಲ್ಲಿ ಕನ್ನಡ ಬರೆದಿದ್ದೀರಿ. ಲಿಫ್ಟ್ ರಿಪೇರಿ ಮಾಡುವ ಹೆಂಗಸು ಕಟ್ಟುವವಳು, ಕೋರ್ಟಿನ ಗುಮಾಸ್ತ ಕಟ್ಟಿಸಿಕೊಳ್ಳುವವನು. ಅಂಕಾಳಮ್ಮ ಅದನ್ನು ನಾವು ಓದುವ ರೀತಿಯಲ್ಲೇ, ಎಡದಿಂದ ತೆರೆದು ಎಲ್ಲರೆದುರು ಓದಿದಳು. ಮೊದಲ ಪುಟದಲ್ಲೇ ಗುಮಾಸ್ತನ ಮುಂಗೈಗಳ ಮೇಲೆ ಹಗ್ಗದ ಬರೆ. ಆಮೇಲೆ ಅವನು "ಸೀತಾಫಲ" ಎನ್ನುತ್ತಾನೆ, ಅದಾದ ಮೇಲೆ ಅವಳು ಅವನನ್ನು ಬಿಗಿಯುತ್ತಾಳೆ. ಕೊನೆಯ ಪುಟದಲ್ಲಿ ಇಬ್ಬರೂ ಚಹಾದಂಗಡಿಯಲ್ಲಿ ಕೂತಿದ್ದಾರೆ. ನೀನು ಏನಂದರೆ ನಾನು ನಿಲ್ಲಬೇಕು ಎಂದು ಅವಳು ಕೇಳುತ್ತಾಳೆ. ಅವನು ಹಣ್ಣಿನ ಹೆಸರು ಹೇಳುತ್ತಾನೆ. ಪಕ್ಕದಲ್ಲಿ ನಿಮ್ಮ ಟಿಪ್ಪಣಿ: "ಅಲ್ಲಿ ಬೇರೆ ಹಣ್ಣು, ನಮಗೆ ಸೀತಾಫಲ ಇರಲಿ."

ಕಟ್ಟೆಯ ಮುಂದೆ ಗುಲ್ಲೆದ್ದಿತು. ನಿಲ್ಲಿಸೆಂದು ಹೇಳಿದ ಮೇಲೂ ಬಿಗಿದಳಲ್ಲ ಪಾಪಿ! ಕಾವಲಿಲ್ಲದ ಕಾಲ ಹೀಗಿತ್ತು, ಇವರಿಗೂ ಅದೇ ಬೇಕಂತೆ ಎಂದರು. ಬಯಲಪ್ಪ ತಲೆ ತಗ್ಗಿಸಿದ. ಮುಗಿಯಿತು ಎಂದುಕೊಂಡೆ.

ಆಗ ಅಂಕಾಳಮ್ಮ, ಪುಸ್ತಕ ಮುಚ್ಚಲು ಹೋದವಳು, ಆ ಚಹಾದಂಗಡಿಯ ಪುಟದಲ್ಲೇ ಕಣ್ಣು ನೆಟ್ಟಳು. ಚಹಾ ಎಂದರೆ ಪ್ರಾಣ ಬಿಡುವ ಮುದುಕಿ. ಎಡಗಡೆಯ ಚೌಕದಿಂದ ಬಲಗಡೆಯ ಚೌಕಕ್ಕೆ, ಒಂದರಿಂದ ಇನ್ನೊಂದಕ್ಕೆ ಬೆರಳಿಟ್ಟು ನೋಡಿದಳು. "ಇದೇನಮ್ಮಿ, ಈ ಕಡೆ ಲೋಟ ಖಾಲಿ, ಆ ಕಡೆ ಹೊಗೆ ಆಡ್ತಾ ಅದೆ! ಕುಡುದ್ ಮ್ಯಾಲೆ ಲೋಟ ತುಂಬ್ತದಾ ಎಲ್ಲಾನ?" ಎಂದಳು. ಆಕೆ ಪುಸ್ತಕವನ್ನು ತಿರುಗಿಸಿ ಬಲಗಡೆಯಿಂದ ಮತ್ತೆ ಓದಲು ಶುರುಮಾಡಿದಳು.

ಜಪಾನಿನ ಪುಸ್ತಕವನ್ನು ಬಲದಿಂದ ಎಡಕ್ಕೆ ಓದಬೇಕೆಂದು ನಿಮಗೆ ಮೊದಲೇ ಗೊತ್ತಿತ್ತು. ನಮಗೆ ಮಾತ್ರ ಮೈ ಜುಮ್ಮೆಂದಿತು. ಮೊದಲು ಚಹಾ. ಏನು ಬೇಕು, ಏನು ಬೇಡ ಎಂದು ಪುಟಗಟ್ಟಲೆ ಕೇಳುವುದು. ಆಮೇಲೆ ಹಗ್ಗ, ಅವನು ಕಣ್ಣು ಮುಚ್ಚಿಕೊಂಡ ಆ ಶಾಂತ ಮುಖ. ಆಮೇಲೆ ಸೀತಾಫಲ. ತಕ್ಷಣ ಅವಳ ಕೈಗಳು ಗಂಟು ಬಿಚ್ಚುತ್ತವೆ. ಯಾಕೆಂದು ಕೇಳುವುದಿಲ್ಲ, ಮುಖ ಸಿಂಡರಿಸುವುದಿಲ್ಲ. ಬರೆಗಳನ್ನು ನೀವಿ ನೀರು ಕುಡಿಸುತ್ತಾಳೆ. ಯಾವ ಕಾಳೂ ಕೂಗದೆ, ಯಾರಿಗೂ ಜೋಮು ಹಿಡಿಯದೆ, ಬರೀ ಒಂದು ಹಣ್ಣಿನ ಹೆಸರಿಗೆ ಒಬ್ಬ ಹೆಂಗಸು ನಿಂತಳು! ಅಷ್ಟನ್ನೇ ನಂಬಿ ಅವನು ಎರಡು ಕೈಯನ್ನೂ ಕೊಟ್ಟಿದ್ದ. ನಿಮ್ಮ ಕಾಲದಲ್ಲಿ ಇಷ್ಟು ಧೈರ್ಯವಿದ್ದವರು ಇದ್ದರೇ?

ಅಂಕಾಳಮ್ಮ ಒಂದು ಸಂಜೆಯನ್ನು ಕೊಟ್ಟಳು. ಮೊದಲು ಚಹಾ ಕುಡಿಯಬೇಕೆಂದು ಕಟ್ಟಪ್ಪಣೆಯನ್ನೂ ಮಾಡಿದಳು. ಕುಡಿದೆವು. ಕೇಳಲು ನಾಚಿಕೆಯಾಯಿತು, ಆದರೂ ಕೇಳಿದೆ. ಸೀತಾಫಲವನ್ನು ನಾವಿಬ್ಬರೂ ಕಂಡವರಲ್ಲ, ಆದರೂ ಅದನ್ನೇ ಇಟ್ಟುಕೊಂಡೆವು. ಅವನ ಮುಂಗೈಗೆ ಮೆತ್ತನೆಯ ಹಗ್ಗ ಸುತ್ತಿದೆ. ಅವನ ಭುಜಗಳು ಇಳಿದವು, ಹುಬ್ಬಿನ ಗಂಟು ಸಡಿಲವಾಯಿತು. ಅವನ ಮುಖ ಅಷ್ಟು ನಿರಾಳವಾಗಿದ್ದುದನ್ನು ನಾನು ಕಂಡದ್ದು ಅದೇ ಮೊದಲು. ಸ್ವಲ್ಪ ಹೊತ್ತಿಗೆ ಅವನು ಮೆಲ್ಲಗೆ "ಸೀತಾಫಲ" ಎಂದ. ಬಿಚ್ಚಿದೆ. ನೀರು ಕೊಟ್ಟೆ. ಅವನು ಲೋಟ ಹಿಡಿದುಕೊಂಡು ಕುಡಿಯದೆ ನನ್ನನ್ನೇ ನೋಡುತ್ತಿದ್ದ.

ಪುಸ್ತಕದ ಕೊನೆಯ ಗುಳ್ಳೆಯ ಪಕ್ಕದಲ್ಲಿ ನೀವು ಏನೂ ಬರೆದಿಲ್ಲ. ಬರೆಯುತ್ತಿದ್ದಾಗ ಯಾರಾದರೂ ನಿಮ್ಮ ಕೋಣೆಗೆ ಬಂದರೇ? ಬಿಚ್ಚಿದ ಮೇಲೆ ಗುಮಾಸ್ತ ಅವಳಿಗೆ ಹೇಳಿದ್ದೇನೆಂದು ನಮಗಾರಿಗೂ ಗೊತ್ತಿಲ್ಲ, ಆ ಭಾಷೆ ಬಲ್ಲವರು ಇಲ್ಲಿಲ್ಲ. ಅದಕ್ಕೇ ಅಂಕಾಳಮ್ಮನ ಒಪ್ಪಿಗೆ ಪಡೆದು ನಾನೇ ಅಲ್ಲಿ ಬರೆದಿದ್ದೇನೆ, ನಿಮ್ಮ ಅಕ್ಷರಕ್ಕಿಂತ ಸಣ್ಣದಾಗಿ. ಈ ಪತ್ರ ಹೇಗೋ ನಿಮ್ಮ ಕಾಲಕ್ಕೆ ತಲುಪಿ, ನಿಮ್ಮ ಕೈಯಲ್ಲಿ ಪುಸ್ತಕ ಇನ್ನೂ ಇದ್ದರೆ ದಯವಿಟ್ಟು ಆ ಪುಟವನ್ನು ಮುಗಿಸಿ. ನಾನು ಬರೆದದ್ದು ತಪ್ಪಾಗಿದ್ದರೆ ತಿದ್ದಿ. ನಾನು ಬರೆದದ್ದು ಆ ಸಂಜೆ ಬಯಲಪ್ಪ ಅಳುತ್ತಾ ಹೇಳಿದ ಮಾತನ್ನೇ:

"ನಾನ್ ಅಂದಿದ್ಕೇ ನೀನ್ ನಿಂತ್‌ಬುಟ್ಟೆ."