ಮಣ್ಣು ತುಂಬಿದ ಕೊಂಬು

ಥಾರ್ನ್‌ಬಿಯ ಧಣಿಯವರಿಗೆ, ನಿಮ್ಮ ಕುದುರೆ ದಂಡಿನ ಬಾವುಟ ಹಿಡಿದಿದ್ದ ಟೋಬಿಯಾಸ್ ಪೆಲ್ ಮಾಡುವ ನಮಸ್ಕಾರಗಳು.

ಸತ್ತವರಿಗೆ ಕಾಗದ ಬರೆಯುವುದು ಹುಚ್ಚೇ ಸರಿ. ಆದರೆ ನನ್ನ ಈ ಸಿಟ್ಟು ಅರ್ಥವಾಗುತ್ತಿದ್ದದ್ದು ನನ್ನ ಹೆಂಡತಿ ಅವಿಸ್ ಒಬ್ಬಳಿಗೇ. ಅವಳು ಹೋಗಿ ಈ ಈಸ್ಟರ್ ಹಬ್ಬಕ್ಕೆ ಎರಡು ವರ್ಷ.

ಮೊನ್ನೆ ನಿಮ್ಮ ಮಗಳು ಬಂದಿದ್ದರು. ರಾಜರು ಮತ್ತೆ ಪಟ್ಟಕ್ಕೆ ಬಂದ ಮೇಲೆ ಎಲ್ಲರಿಗೂ ಧೈರ್ಯ ಬಂದಿದೆ ನೋಡಿ. ಯುದ್ಧ ಸೋತು ಪರದೇಶ ಸೇರಿ ಅಲ್ಲೇ ತೀರಿಹೋದ ನಿಮ್ಮ ಮೂಳೆಗಳನ್ನು ಹಡಗಿನಲ್ಲಿ ತರಿಸಿ ಊರ ಚರ್ಚಿನಲ್ಲಿ ಹೂಳಿಸಿದ್ದಾರೆ. ಇನ್ನು ಅದರ ಮೇಲೆ ಅಮೃತಶಿಲೆಯಲ್ಲಿ ನೀವು ಮೂಡಬೇಕಂತೆ, ಕುದುರೆ ಏರಿ, ತುಟಿಗೆ ಬೇಟೆಯ ಕೊಂಬು ಇಟ್ಟುಕೊಂಡು!

"ಪೆಲ್ ಮಾಮ, ಅಪ್ಪನ ಕೊಂಬು ನಿಮ್ಮ ಹತ್ರಾನೇ ಇದೆಯಂತೆ, ಕೊಡಿ. ಶಿಲ್ಪಿ ಸೋಮವಾರ ಶುರು ಮಾಡ್ತಾನೆ. ಹಾಗೇ ಲ್ಯಾಟಿನ್ನಲ್ಲಿ ಒಂದು ಸಾಲು ಬರ್ಕೊಡಿ, ಕಾಡ್ಲೋ ಗುಡ್ಡದಲ್ಲಿ ಗೆದ್ದವನು ಅಂತ."

ಗೆದ್ದವನು! ಲ್ಯಾಟಿನ್ ಬೇರೆ! ಆಕ್ಸ್‌ಫರ್ಡಿನಲ್ಲಿ ಎರಡು ವರ್ಷ ಕೂತು ಕಲಿತದ್ದನ್ನು ನಂಬಿ ನೀವು ನನ್ನಿಂದ ಬಾವುಟಕ್ಕೆ ಮೂರು ಪದ ಬರೆಸಿದಿರಿ. 'ದೇವರು' ನೆನಪಿದೆ, 'ರಾಜ' ನೆನಪಿದೆ. ಮೂರನೆಯದು ಏನಾಗಿತ್ತೋ.

ನೆನಪಿರುವುದು ಬೇರೆ. ಪಾರ್ಲಿಮೆಂಟಿನವರ ಮೇಲೆ ದಂಡು ಕಟ್ಟಿರೆಂದು ರಾಜರು ಹೇಳಿ ಕಳಿಸಿದಾಗ ನೀವು ಕರೆದದ್ದು ಬೇಟೆಯ ಗೆಳೆಯರನ್ನು. ತಂದದ್ದು ಬೇಟೆಯ ಕುದುರೆಗಳನ್ನು. ಕುದುರೆ ಇಲ್ಲದ ಹಂಫ್ರಿ, ನನ್ನ ಅವಿಸ್‌ಳ ತಮ್ಮ, ಉದ್ದನೆಯ ಈಟಿ ಹಿಡಿದು ಕಾಲಾಳುಗಳ ಜತೆ ಆ ಕಾಡ್ಲೋ ಗುಡ್ಡದ ಮೇಲೆ ನಿಂತ. ಅಂದು ಬೆಳಿಗ್ಗೆ ನಿಮ್ಮ ಬುತ್ತಿಯ ಗಿಣ್ಣಿನ ತುಂಡಿನಲ್ಲಿ ಅರ್ಧ ಮುರಿದು ಅವನಿಗೆ ಕೊಟ್ಟಿರಿ.

"ಹೆದರ್ಬೇಡ ಕಣೋ. ಅವರ ಕುದುರೆಗಳನ್ನ ಓಡಿಸಿ, ತಿರುಗಿ ನಿನ್ನ ಪಕ್ಕಕ್ಕೇ ಬಂದ್ಬಿಡ್ತೀನಿ."

"ದಾರೀಲಿ ನರಿ ಸಿಕ್ಕಿದ್ರೆ ಮಾತ್ರ ಹಿಂದೆ ಹೋಗ್ಬೇಡಿ ಧಣಿ!" ಅಂದ ಪಾಪಿ. ಎಲ್ಲರೂ ನಕ್ಕೆವು.

ಓಡಿಸಿದಿರಿ, ಇಲ್ಲವೆನ್ನುವುದಿಲ್ಲ. ಒಂದೇ ಏಟಿಗೆ ಚೆಲ್ಲಾಪಿಲ್ಲಿಯಾದರು. ಆಗ ಲಗಾಮು ಎಳೆದಿದ್ದರೆ ಸಾಕಿತ್ತು. ಓಡುವವರ ಬೆನ್ನು ಕಂಡಿತು, ನಿಮ್ಮ ಕೈ ತನ್ನಷ್ಟಕ್ಕೇ ಸೊಂಟದ ಕೊಂಬಿಗೆ ಹೋಯಿತು. ನರಿ ಕಂಡಾಗ ಊದುವ ಅದೇ ಊದು! ಅದನ್ನು ಕೇಳಿಯೇ ಬೆಳೆದ ನಾನೂರು ಕುದುರೆಗಳು ಇನ್ನು ನಿಲ್ಲುತ್ತವೆಯೇ? ಹಿಂದಿರುಗಿ ಎಂದು ತುತ್ತೂರಿಯವನು ಊದಿಯೇ ಊದಿದ, ಯಾರಿಗೆ ಬೇಕಾಗಿತ್ತು! ಬೇಲಿ ಹಾರಿ, ಹಳ್ಳ ಹಾರಿ ಮೂರು ಮೈಲಿ. ನಾನೂ ಕೇಕೆ ಹಾಕುತ್ತ ಬಂದೆ, ದೇವರು ಕ್ಷಮಿಸಲಿ.

ಮರಳಿ ಬರುವಷ್ಟರಲ್ಲಿ ಗುಡ್ಡದ ಮೇಲೆ ನಮ್ಮವರು ಯಾರೂ ನಿಂತಿರಲಿಲ್ಲ. ಹಂಫ್ರಿಯ ಹೆಣದ ಪಕ್ಕ ಮಂಡಿಯೂರಿ ಆ ಮಣ್ಣನ್ನೇ ಕೊಂಬಿನೊಳಗೆ ಹೆಬ್ಬೆರಳಿನಿಂದ ಗಿಡಿದು ತುಂಬಿದಿರಿ. "ಇಟ್ಕೋ ಪೆಲ್. ಇದನ್ನ ಇನ್ಯಾರೂ ಊದ್ಬಾರ್ದು."

ಅವಿಸ್ ಅದನ್ನು ಒಲೆಯ ಮೇಲೆ ತೂಗುಹಾಕಿದಳು. ಸಾಯುವವರೆಗೂ ಹೊರಗಿನ ಧೂಳು ಒರೆಸಿದಳು, ಒಳಗಿನ ಮಣ್ಣು ಮುಟ್ಟಲಿಲ್ಲ. ನೀವೋ, ಪರದೇಶದಿಂದ ಬರೆದ ಕಾಗದಗಳಲ್ಲೆಲ್ಲ ಅಲ್ಲಿನ ಕುದುರೆಗಳ ಕಾಲು ಗಿಡ್ಡ ಎಂದೇ ಬರೆದಿರಿ. ಅವಳಿಗೊಂದು ಮಾತು ಬರೆಯಲು ನಿಮ್ಮ ಕೈಗೆ ಏನಾಗಿತ್ತು?

ನಿಮ್ಮ ಮಗಳು ಕೊಂಬಿನೊಳಗೆ ಬೆರಳಿಟ್ಟು, "ಅಯ್ಯೋ, ಕಸ! ತೆಗೆಸ್ತೀನಿ" ಅಂದರು. ಕಿತ್ತುಕೊಂಡೆ. ಎಲ್ಲ ಹೇಳಿಬಿಟ್ಟೆ. "ಅಪ್ಪ ನನಗೆ ಹೇಳ್ಲೇ ಇಲ್ಲ" ಎಂದು ಬರಿಗೈಯಲ್ಲಿ ಎದ್ದು ಹೋದರು. ಇವತ್ತು ಹೇಳಿ ಕಳಿಸಿದ್ದಾರೆ: ಕೊಂಬು ತುಟಿಯಲ್ಲಿ ಬೇಡ, ಸೊಂಟದಲ್ಲಿರಲಿ, ಸಾಲು ಮಾತ್ರ ಬೇಕೇ ಬೇಕು.

ಬರೆದಿದ್ದೇನೆ. ನನ್ನ ಹರಕು ಲ್ಯಾಟಿನ್ನಿಗೆ ಇಷ್ಟು ಧಾರಾಳ: 'ಹಂಫ್ರಿ ಕಾಯುತ್ತಿದ್ದ.' ಅರ್ಥವನ್ನೂ ಪಕ್ಕದಲ್ಲೇ ಬರೆದು ಕಳಿಸುತ್ತೇನೆ, ಮೋಸವಿಲ್ಲ. ಬೇಡವೆಂದರೆ ಕಲ್ಲು ಖಾಲಿ ಇರಲಿ, ಕೊಂಬು ನನ್ನ ಜತೆ ಗುಂಡಿಗೆ ಬರಲಿ.

ದೇವರು ನಿಮಗೆ ಶಾಂತಿ ಕೊಡಲಿ ಧಣಿ. ಅಲ್ಲಿ ಹಂಫ್ರಿ ಕಂಡರೆ, ಈ ಸಲ ಅವನ ಪಕ್ಕದಲ್ಲೇ ನಿಲ್ಲಿ.

ಇನ್ನೂ ಸಿಟ್ಟಿನಲ್ಲಿರುವ, ನಿಮ್ಮವನೇ ಆದ
ಟೋಬಿಯಾಸ್ ಪೆಲ್