ಬಾವಿಯ ನೀರು ಹೆಚ್ಚಾಗ್ಯಾವ

ಫೆಬ್ರವರಿ 8, 2024. ಗುರುವಾರ

ಮತ್ತೆ ಧಾರವಾಡ. ನಸುಕಿನ ಬಸ್ಸು. ಇವರಿಗೆ ಕಿಟಕಿ ಪಕ್ಕದ ಸೀಟು, ನನಗೆ ಚೀಲ. ಡಯಾಲಿಸಿಸ್ ಮುಗಿಸಿ ಬರುವಾಗ ಸವದತ್ತಿ ಸ್ಟ್ಯಾಂಡಿನಲ್ಲಿ ವಾಂತಿ. ಒಬ್ಬ ಹೆಣ್ಣುಮಗಳು, ಕುಡಿದಿದ್ದಾರೆಂದು ತಿಳಿದು ಸೆರಗು ಎಳೆದುಕೊಂಡು ಸರಿದಳು. ಕುಡಿಯುವುದಂತೆ! ಈ ಮನುಷ್ಯನಿಗೆ ಡಾಕ್ಟರು ದಿನಕ್ಕೆ ಎರಡು ಲೋಟ ನೀರಿಗಿಂತ ಹೆಚ್ಚು ಬೇಡ ಎಂದಿದ್ದಾರೆ.

ವಾರಕ್ಕೆ ಎರಡು ಸಲ ಸಾಲದು, ಮೂರು ಸಲ ಆಗಬೇಕು ಎಂದರು ಇವತ್ತು. ಈ ಬಸ್ಸಿನಲ್ಲಿ ಮೂರು ಸಲ ಆಗದ ಮಾತು. ಮನೆ ಮಾರಿ ಆಸ್ಪತ್ರೆ ಹಿಂದಿನ ಓಣಿಯಲ್ಲಿ ಎರಡು ಖೋಲಿ ಬಾಡಿಗೆ ಹಿಡಿಯಬೇಕು. ಮನೆ ಮಾರಿ ಹೋಗದಿದ್ದರೆ... ಅದನ್ನು ಬರೆಯುವುದಿಲ್ಲ.

ಫೆಬ್ರವರಿ 11, ರವಿವಾರ

ದಲ್ಲಾಳಿ ಮಡಿವಾಳೆಪ್ಪ ವಾಟ್ಸಾಪಿನಲ್ಲಿ ಹಾಕಿದ್ದಾನೆ: ‘ವಿಶಾಲವಾದ ಒಂಟಿ ಮನೆ. ಹನ್ನೆರಡು ಅಂಕಣ. ನಾಲ್ಕೂ ಗೋಡೆ ಸ್ವಂತದ್ದು. ಹಿತ್ತಲಲ್ಲಿ ಬಾವಿ.’ ಒಂದಕ್ಷರ ಸುಳ್ಳಿಲ್ಲ. ಊರೆಲ್ಲ ಗೋಡೆಗೆ ಗೋಡೆ ಹಚ್ಚಿ ಕೂತಿದೆ, ನಮ್ಮದೊಂದೇ ಹೊಲದ ದಾರಿಯಲ್ಲಿ ದೂರ ನಿಂತಿದೆ. ಬಾವಿಯೂ ಇದೆ. ಅದರಲ್ಲಿ ನೀರಿದೆ ಎಂದು ಅವನೆಲ್ಲಿ ಬರೆದ? ಹೋದ ವರ್ಷ ಮಳೆ ಕೈಕೊಟ್ಟಿತು, ದಸರೆಯ ಹೊತ್ತಿಗೆ ತಳದ ಬಂಡೆ ಕಂಡಿತು. ಬೋರು ಹೊಡೆಸಿದರೆ ಬರೀ ಧೂಳು. ಬಾವಿಯ ಮೇಲೆ ತಗಡು ಮುಚ್ಚಿದ್ದೇವೆ. ಕುಡಿಯಲು ಪಂಚಾಯ್ತಿ ನಳ, ಅದು ಬಂದ ದಿನ.

ಒಳಗಿಂದ ಬಾಯವ್ವತ್ತೆ ಕೂಗಿದಳು. “ಅನ್ನಪೂರ್ಣೀ, ಉಪ್ಪ ಹೆಚ್ಚಾಗೇತಿ ನೋಡ.” ಉಪ್ಪಿನ ಡಬ್ಬಿ ಖಾಲಿ ಎಂದರ್ಥ. ಇವರ ಸೋದರತ್ತೆ ಆಕೆ, ಎಂಬತ್ತು ದಾಟಿದೆ. ತೀರಿತು, ಒಡೆಯಿತು, ಇಲ್ಲ — ಈ ಮಾತು ಅವಳ ಬಾಯಲ್ಲಿ ಬರುವುದಿಲ್ಲ. ಮನೆಯೊಳಗೆ ಇಲ್ಲ ಎಂದರೆ ಅದು ಇಲ್ಲದೇ ಹೋಗುತ್ತದಂತೆ. ಅಕ್ಕಿ ತೀರಿದರೂ ಹೆಚ್ಚಾಯಿತು, ಬಳೆ ಒಡೆದರೂ ಹೆಚ್ಚಾಯಿತು. ಹಾಗೆ ನೋಡಿದರೆ ಈ ಮನೆಯಲ್ಲಿ ನಮಗೆ ಎಲ್ಲವೂ ಹೆಚ್ಚೇ.

ಫೆಬ್ರವರಿ 18, ರವಿವಾರ. ಸಂಜೆ

ಒಬ್ಬರು ಬಂದು ನೋಡಿ ಹೋದರು. ಖಾಲಿದ್ ಎಂದು. ತುಮಕೂರು ಕಡೆಯವರು, ಹಾಲಿನ ಟ್ಯಾಂಕರ್ ಓಡಿಸುತ್ತಿದ್ದವರು. ಹೆಂಡತಿಯ ತವರು ರಾಮದುರ್ಗ. ಆಕೆಯ ತಾಯಿಗೂ ಹತ್ತಿರವಾಯಿತು ಎಂದು ಇತ್ತ ಬಂದು ಎಮ್ಮೆ ಕಟ್ಟುವ ವಿಚಾರ. ಹೂಲಿಯ ಗುಡಿಗಳನ್ನೆಲ್ಲ ಸುತ್ತಿ ಬಂದಿದ್ದರು, ಬಿಸಿಲಿಗೆ ಮುಖ ಕೆಂಪಾಗಿತ್ತು. ಪಡಸಾಲೆಯ ಕಂಬ ತಟ್ಟಿ ನೋಡಿದರು. ಕೊಟ್ಟಿಗೆಯಲ್ಲಿ ಬಹಳ ಹೊತ್ತು ನಿಂತರು. ಇಂಥ ಕೊಟ್ಟಿಗೆ ಈಗ ಯಾರು ಕಟ್ಟಿಸುತ್ತಾರೆ ಎಂದರು. ನನಗೆ ಒಳಗೊಳಗೇ ಹಿಗ್ಗು.

ಆಮೇಲೆ ಬಾವಿ. ತಗಡು ಸರಿಸಲು ಇಬ್ಬರು ಆಳು ಬೇಕು ಎಂದ ಮಡಿವಾಳೆಪ್ಪ. ಅವರು ನಕ್ಕು, ಬ್ರೋಕರ್ ಮಾತಿಗಿಂತ ಅಜ್ಜಿ ಮಾತು ವಾಸಿ ಎನ್ನುತ್ತ ಕಟ್ಟೆಯ ಮೇಲಿದ್ದ ಅತ್ತೆಯ ಕಡೆ ತಿರುಗಿದರು.

“ಅಜ್ಜೀ, ಬಾವೀಲಿ ನೀರು ಹೇಗಿದೆ?”

“ಹೆಚ್ಚಾಗ್ಯಾವಪ್ಪಾ,” ಎಂದಳು ಅತ್ತೆ. ಬಾವಿಗೆ ಕೈಯನ್ನೂ ಮುಗಿದಳು.

“ಈ ಬೇಸಿಗೇಲೂ ಹೆಚ್ಚಾಗಿದೆಯಾ! ಇನ್ನೇನು ಬೇಕು!”

ಮಡಿವಾಳೆಪ್ಪ ಮಾಡಿನ ತೊಲೆ ಎಣಿಸತೊಡಗಿದ. ನಾನು ಚಹಾ ತರುತ್ತೇನೆಂದು ಒಳಗೆ ಬಂದೆ. ಒಲೆ ಹಚ್ಚಿದೆ. ಹಾಗಲ್ಲ, ಅದರ ಅರ್ಥ ಬೇರೆ, ಎಂದು ಹೇಳಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ಚಹಾಕ್ಕೆ ಏಲಕ್ಕಿ ಹಾಕಿದೆ.

ಇವರು ಒಳಕೋಣೆಯಲ್ಲಿ ಮಲಗಿದ್ದರು. ಒಳ್ಳೆಯದೇ ಆಯಿತು.

ಫೆಬ್ರವರಿ 19, ಸೋಮವಾರ

ಬಸ್ಸಿನಲ್ಲಿ ಇವರೇ ಕೇಳಿದರು.

“ಬಾವಿದ ಅವರಿಗೆ ಹೇಳಿದಿ ಇಲ್ಲೋ?”

“ಅತ್ತಿ ಹೇಳ್ಯಾರ್ರಿ.”

“ಹಂಗಾರ ಛಲೋ ಆತು,” ಎಂದು ಕಣ್ಣು ಮುಚ್ಚಿದರು.

ನಾನು ಆಡಿದ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಧಾರವಾಡ ಬರುವವರೆಗೆ ಕಿಟಕಿಯ ಆಚೆಗೇ ನೋಡುತ್ತ ಕೂತೆ.

ಫೆಬ್ರವರಿ 25, ರವಿವಾರ

ಖಾಲಿದ್ ಸಂಚಕಾರ ಕೊಟ್ಟು ಹೋದರು. ಮನೆಗೆ ಕೊಡುವ ಮುಂಗಡವೂ ಸಂಚಕಾರ, ಪ್ರಾಣಕ್ಕೆ ಬರುವ ಕುತ್ತೂ ಸಂಚಕಾರ. ನಮಗೆ ಒಂದರ ಬೆನ್ನಿಗೆ ಇನ್ನೊಂದು. ನಗು ಬಂತು, ಒಬ್ಬಳೇ ನಕ್ಕೆ.

ಧಾರವಾಡದ ಖೋಲಿ ಗೊತ್ತಾಗಿದೆ. ಮೆಟ್ಟಿಲಿಲ್ಲ, ನಳ ಒಳಗೇ ಇದೆ. ಅಲ್ಲಿಂದ ಆಸ್ಪತ್ರೆಗೆ ಇವರು ನಡೆದೇ ಹೋಗಬಹುದು. ಅತ್ತೆಯ ಮಂಚ ಎಲ್ಲಿ ಹಾಕುವುದು ಎಂದು ಯೋಚಿಸುತ್ತಿದ್ದೇನೆ. ಇವರು ಇವತ್ತು ಅರ್ಧ ರೊಟ್ಟಿ ಹೆಚ್ಚು — ಅಂದರೆ ನಿಜಕ್ಕೂ ಹೆಚ್ಚು — ತಿಂದರು.

ಮಾರ್ಚ್ 3, ರವಿವಾರ

ಎಲ್ಲ ಹೋಯಿತು.

ಖಾಲಿದ್ ಹೆಂಡತಿಯನ್ನು ಕರೆತಂದಿದ್ದರು. ಹಿನಾಕೌಸರ. ಹಮ್ಮಿಲ್ಲದ ಹುಡುಗಿ. ಬಂದವಳೇ ಅತ್ತೆಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಖಾಲಿದ್ ಹೊರಗೆ ಕೊಟ್ಟಿಗೆ ಅಳೆಯುತ್ತಿದ್ದರು.

“ಆಯೀ, ಬಾವ್ಯಾಗ ನೀರ ಭಾಳ ಅದಾವಂತ?” ಎಂದು ಕೇಳಿದಳು.

“ಹೆಚ್ಚಾಗ್ಯಾವ ನನ್ನವ್ವಾ.”

ಅವಳ ಕೈ ನಿಂತಿತು. ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು. ದನಿ ತಗ್ಗಿಸಿದಳು.

“ಅಕ್ಕಾರ, ನಮ್ಮಮ್ಮಾನೂ ಎಣ್ಣಿ ತೀರಿದ್ರ ಹಿಂಗ ಅಂತಾಳ್ರಿ. ನಮ್ಮ ಮನಿಯವರು ತುಮಕೂರ ಕಡಿ ಮಂದಿ, ಅವರಿಗೆ ತಿಳೀಲಿಲ್ಲ. ನೀವ ಹೇಳ್ರಿ, ನೀವು ಹೇಳಿದ್ರ ನಂಬತೇನಿ. ನೀರ ಅದಾವೋ ಇಲ್ಲೋ?”

ನನ್ನ ಮೇಲೆ ಬಿಟ್ಟಳು. ಅಷ್ಟು ದಿನ ಸುಮ್ಮನಿದ್ದೆ. ಈಗ ಬಾಯಿ ಬಿಡಲೇಬೇಕಿತ್ತು. ಖೋಲಿ ಕಣ್ಣ ಮುಂದೆ ಬಂತು, ಒಳಗಿನ ನಳ ಬಂತು.

“ಭರಪೂರ ಅದಾವವ್ವಾ,” ಎಂದೆ. “ಅತ್ತಿಗೆ ವಯಸ್ಸಾಗೇತಿ, ಏನರ ಅಂತಿರತಾರ.”

ಒಂದೇ ಉಸಿರಿನಲ್ಲಿ ಬಾವಿ ತುಂಬಿಸಿದೆ, ಅತ್ತೆಯನ್ನು ಅರಳುಮರಳು ಮಾಡಿದೆ. ಅತ್ತೆ ಸುಲಿದ ಬೆಳ್ಳುಳ್ಳಿಯನ್ನೇ ಮತ್ತೆ ಸುಲಿಯತೊಡಗಿದಳು.

ಹಿಂದಿನಿಂದ ಇವರ ದನಿ. ಚೌಕಟ್ಟು ಹಿಡಿದು ನಿಂತಿದ್ದರು. ಯಾವಾಗ ಎದ್ದು ಬಂದರೋ!

“ತಂಗೀ, ಬಾವಿ ಒಣಗೇತಿ. ಬೋರಿಗೂ ನೀರ ಬಿದ್ದಿಲ್ಲ. ಎಮ್ಮಿ ಕಟ್ಟೂ ಮನಿ ಅಲ್ಲ ಇದು. ಯಜಮಾನರಿಗೆ ಹೇಳ.”

ಹುಡುಗಿ ಸೆರಗು ಸರಿಮಾಡಿಕೊಂಡು ಎದ್ದಳು. ಖಾಲಿದ್ ಕೂಗಾಡಲಿಲ್ಲ, ಬೈಯಲಿಲ್ಲ. ಸಂಚಕಾರ ವಾಪಸು ಇಸಿದುಕೊಂಡು, ಅಂಗಳದಲ್ಲಿ ಇವರಿಗೆ ಕೈಮುಗಿದು ಹೋದರು. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಮನುಷ್ಯನ ಮೇಲೆ ಇಂಥ ಸಿಟ್ಟು ಬಂದದ್ದಿಲ್ಲ. ಸತ್ಯ ಹೇಳಿದರಂತೆ ಸತ್ಯ! ಯಾರ ಜೀವ ಪಣಕ್ಕಿಟ್ಟು ಹೇಳಿದಿರಿ? ಕೇಳಿದೆ, ಜೋರಾಗಿಯೇ ಕೇಳಿದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಮಾರ್ಚ್ 7, ಗುರುವಾರ

ಹೋಗಿ ಬಂದೆವು. ಇವರು ಕಿಟಕಿಯ ಕಡೆಗೇ ತಿರುಗಿ ಕೂತಿದ್ದರು. ಕಾಲಿನ ಬಾವು ಮೊಣಕಾಲಿನವರೆಗೆ ಏರಿದೆ. ಮೂರನೆಯ ಸಲದ್ದು ಏನು ಮಾಡಿದಿರಿ ಎಂದು ಡಾಕ್ಟರು ಕೇಳಿದರು. ನೋಡುತ್ತೇವೆ ಎಂದೆ. ಖೋಲಿಯನ್ನು ಬೇರೆಯವರು ಹಿಡಿದರು.

ಮಾರ್ಚ್ 10, ರವಿವಾರ

ಅತ್ತೆಯ ಹತ್ತಿರ ಹೋಗಿ ತಪ್ಪಾಯಿತು ಎಂದೆ. “ಬಿಡ, ವಯಸ್ಸಂತೂ ಆಗೇತಿ,” ಎಂದಳು. ಇವರಿಗೆ ಹಾಗೆ ಹೇಳಲು ಬಾಯಿ ಬರಲಿಲ್ಲ. ತಪ್ಪು ಅನಿಸಿದರೆ ತಾನೇ? ನಾಳೆ ಹಿನಾಕೌಸರ ಮತ್ತೆ ಬಂದು ಕೇಳಿದರೆ ಅದನ್ನೇ ಹೇಳುತ್ತೇನೆ. ಇವರಿಗಾಗಿ ಹೇಳುತ್ತೇನೆ.

ರೊಟ್ಟಿ ಬಡಿಯುವಾಗ ಅದನ್ನು ಬಾಯಿಬಿಟ್ಟು ಅಂದುಬಿಟ್ಟೆ. ಪಡಸಾಲೆಯಲ್ಲಿದ್ದ ಇವರಿಗೆ ಕೇಳಿಸಿರಬೇಕು.

ಮಾರ್ಚ್ 11, ಸೋಮವಾರ. ನಸುಕು

ಚೀಲ ತುಂಬಿದ್ದೇನೆ. ಫೈಲು, ಟವೆಲ್ಲು, ಎರಡು ರೊಟ್ಟಿ. ಎಬ್ಬಿಸಿದೆ. ಎದ್ದೇ ಇದ್ದರು.

“ಇವತ್ತ ಬ್ಯಾಡ,” ಎಂದರು.

“ಬಸ್ಸ ಬರೂ ಹೊತ್ತಾತ್ರಿ. ಅಂಗಿ ಹಾಕ್ಕೋರಿ.”

“ಇವತ್ತೂ ಬ್ಯಾಡ, ಗುರುವಾರಾನೂ ಬ್ಯಾಡ.” ಸಿಟ್ಟಿರಲಿಲ್ಲ ದನಿಯಲ್ಲಿ. ಎಷ್ಟೋ ದಿನದ ಮೇಲೆ ನನ್ನ ಮುಖ ನೋಡಿ ಮಾತಾಡಿದರು. “ನೀ ಇಂಥಾಕಿ ಇರಲಿಲ್ಲ ಅನ್ನಪೂರ್ಣಾ. ಎದುರಿಗೆ ಕುಂತ ಹುಡುಗಿ ಮಾರಿ ನೋಡಿ ಸುಳ್ಳ ಹೇಳಿದಿ. ಇನ್ನೊಬ್ಬರು ಬಂದ್ರ ಅವರಿಗೂ ಹೇಳತೀನಿ ಅಂತಿ. ನಾ ಇರೂತನಕ ಹೇಳತಿ.”

“ಹೇಳತೇನ್ರಿ. ಏನೀಗ?”

“ಅದಕ್ಕ ಬ್ಯಾಡ ಅಂದೆ.”

ಕೈ ಹಿಡಿದು ಎಳೆದೆ. ಬೈದೆ. ಅತ್ತೆ ಎದ್ದು ಬಂದು ಗೋಡೆ ಹಿಡಿದು ನಿಂತಿದ್ದಾಳೆ. ಇವರು ಅಂಗಿಯನ್ನು ಮಡಚಿ ತಲೆಯ ಕೆಳಗೆ ಇಟ್ಟುಕೊಂಡಿದ್ದಾರೆ.

ಬಸ್ಸು ದಾರಿಯಲ್ಲಿ ನಿಂತಿದೆ. ನಮ್ಮನ್ನು ಕಂಡಕ್ಟರ್ ಬಲ್ಲ, ಸ್ವಲ್ಪ ಕಾಯುತ್ತಾನೆ. ಚೀಲ ಹೆಗಲಿಗೇರಿಸಿ, ನಿಂತಲ್ಲೇ ಇದನ್ನು ಬರೆಯುತ್ತಿದ್ದೇನೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ಇನ್ನೊಮ್ಮೆ ಕೇಳುತ್ತೇನೆ, ಈ ಸಲ ಬೈಯುವುದಿಲ್ಲ. ಇನ್ನು ಯಾರಿಗೂ ಸುಳ್ಳು ಹೇಳುವುದಿಲ್ಲ ಎನ್ನುತ್ತೇನೆ, ನಿಮ್ಮ ಆಣೆ ಎನ್ನುತ್ತೇನೆ. ಅದು ಸುಳ್ಳೆಂದು ಇವರಿಗೆ ಗೊತ್ತಾದರೆ...